ಸೆರೆಮನೆಯಲ್ಲಿ ಹೊತ್ತ ಹರಕೆ: ಸಾಮುವೇಲ್ ಎಜೆಕಿಯೇಲ್ ದಿವೇಕರ್

ಬಲಸಮುದ್ರದ ನಮಗೆ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ಬೆಟ್ಟದ ಕೋಟೆಯಲ್ಲಿ ಒಂದು ಕಾಲಕ್ಕೆ ಒಬ್ಬ ರಾಣಿ ಸೆರೆಯಲ್ಲಿದ್ದಳು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು, ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಪುತ್ರನನ್ನೂ ಇಲ್ಲಿಗೆ ತಂದು ಬಂಧನದಲ್ಲಿರಿಸಿದನು. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಕೋಟೆಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಸೆರೆ, ಬಿಡುಗಡೆ ಎಂಬ ಮಾತುಗಳು ನಮ್ಮ ಸೀಮೆಗೆ ಹೀಗೆ ಹಳೆಯ ಪರಿಚಿತ ಮಾತುಗಳು. ಅದೇ ಮೈಸೂರು ರಾಜ್ಯದ ಇನ್ನೊಂದು ಸೆರೆಮನೆಯಿಂದ ಪಾರಾಗಿ ಬಂದ ಯೆಹೂದ್ಯನೊಬ್ಬನ ಚರಿತ್ರೆಯನ್ನು, ದೇವಾಲಯಕ್ಕೆ ನೂರು ವರುಷ ತುಂಬಿದ ಈ ಸಂತೋಷದ ಸಂದರ್ಭದಲ್ಲಿ, ವಾಚಕ ಬಂಧುಗಳ ಮುಂದಿಡಲು ಬಯಸುತ್ತೇವೆ. ಆ ಮಹನೀಯರೂ ಒಂದು ಆರಾಧನಾ ಮಂದಿರವನ್ನು ಕಟ್ಟಿಸಿದವರೇ.

ಸಾಮುವೇಲ್ ಎಜೆಕಿಯೇಲ್ ದಿವೇಕರರು ಕೊಂಕಣ ತೀರದ ಬೆನೆ ಇಸ್ರಾಯೇಲ್ ಜನಾಂಗಕ್ಕೆ ಸೇರಿದವರು. ಮರಾಠಿಯಲ್ಲಿ ಅವರನ್ನು ಸಾಮಾಜಿ ಹಸಾಜಿ ಎಂದು ಕರೆಯುತ್ತಿದ್ದರು. ಈ ಜನರ ಪೂರ್ವಿಕರು ಬಹು ಪುರಾತನ ಕಾಲದಲ್ಲಿ ಹಡಗು ಒಡೆದು ಆ ದಡವನ್ನು ಸೇರಿದರೆಂದು ಅವರ ಪರಂಪರೆ ಹೇಳುತ್ತದೆ. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬಾಯಿತು. ಶನಿವಾರದಂದು ಗಾಣವನ್ನು ನಿಲ್ಲಿಸುತ್ತಿದ್ದುದರಿಂದ ಸುತ್ತಲಿನವರು ಅವರನ್ನು ಶನಿವಾರದ ಗಾಣಿಗರೆಂದೇ ಗುರುತಿಸಿದರು. ಅವರ ಬಳಿ ಧರ್ಮಗ್ರಂಥವಿರಲಿಲ್ಲ, ಪ್ರಾರ್ಥನಾ ಮಂದಿರವಿರಲಿಲ್ಲ. ಆದರೆ ಸಬ್ಬತ್ ದಿನ, ಸುನ್ನತಿ, ಆಹಾರದ ನಿಯಮಗಳು, ದೇವನೊಬ್ಬನೇ ಎಂದು ಸಾರುವ ಹೀಬ್ರೂ ಪ್ರಾರ್ಥನೆಯ ಮೊದಲ ಸಾಲು, ಇಷ್ಟನ್ನು ಅವರು ಕೈಬಿಡಲಿಲ್ಲ. ಉಪದೇಶಿಗಳಾಗಲೀ ಗುರುಗಳಾಗಲೀ ಇಲ್ಲದೆ ಎಷ್ಟೋ ತಲೆಮಾರುಗಳು ಇಷ್ಟರಿಂದಲೇ ಬಾಳಿದವು. ವರುಷಕ್ಕೆರಡು ಸಲ ಗುರುಗಳು ಕುದುರೆಯ ಮೇಲೆ ಬಂದು ಹೋಗುತ್ತಿದ್ದ ಕಾಲವನ್ನು ಕೇಳಿ ಬಲ್ಲ ನಮ್ಮ ಹಳ್ಳಿಗಾಡಿನ ಕ್ರೈಸ್ತರಿಗೆ ಇದರ ಬೆಲೆ ತಿಳಿಯದಿರದು.

ಅವರು ಆಚರಿಸುತ್ತಿದ್ದ ಹಬ್ಬಗಳಲ್ಲಿ ಒಂದನ್ನು ಮರಾಠಿಯಲ್ಲಿ ಹೋಳಿಚಾ ಸಣ್ ಎನ್ನುತ್ತಿದ್ದರು. ಇದು ಹಿಂದೂಗಳ ಹೋಳಿಯಲ್ಲ. ಯೆಹೂದ್ಯರ ಪೂರಿಮ್ ಹಬ್ಬವು ಅದಾರ್ ತಿಂಗಳ 14ರಂದು ಬರುವುದರಿಂದ ಬಹುತೇಕ ಹೋಳಿ ಹುಣ್ಣಿಮೆಯ ಸಮೀಪಕ್ಕೇ ಬೀಳುತ್ತದೆ. ಆ ಕಾರಣದಿಂದ ಬಂದ ಹೆಸರು.

ಪೂರಿಮ್ ಎಂದರೆ ಚೀಟಿಗಳು. ಪಾರಸಿಯ ರಾಜನ ಮಂತ್ರಿಯಾದ ಹಾಮಾನನು ತನಗೆ ಅಡ್ಡಬೀಳಲೊಪ್ಪದ ಮೊರ್ದೆಕೈಯ ಮೇಲಿನ ಸಿಟ್ಟಿನಿಂದ ಯೆಹೂದ್ಯ ಕುಲವನ್ನೇ ನಾಶಮಾಡಲು ಚೀಟಿ ಹಾಕಿ ದಿನವನ್ನು ಗೊತ್ತುಮಾಡಿದ ಕಥೆ ಪವಿತ್ರ ಗ್ರಂಥದ ಎಸ್ತೇರಳ ಪುಸ್ತಕದಲ್ಲಿದೆ. ಅರಮನೆಯಲ್ಲಿ ರಾಣಿಯಾಗಿದ್ದ ಎಸ್ತೇರಳು ಅನಾಥ ಯೆಹೂದ್ಯ ಹೆಣ್ಣು. ಮೊರ್ದೆಕೈಯ ಮಾತಿನಂತೆ ತನ್ನ ಕುಲವನ್ನು ಯಾರಿಗೂ ತಿಳಿಸದೆ ಇದ್ದವಳು. ಕರೆಯದೆ ರಾಜನ ಸನ್ನಿಧಿಗೆ ಹೋದವರಿಗೆ ಮರಣವೇ ವಿಧಿಯಾಗಿದ್ದ ಆ ಆಸ್ಥಾನಕ್ಕೆ ಆಕೆ ಮೂರು ದಿನ ಉಪವಾಸವಿದ್ದು ಹೋದಳು. ತಾನು ಯಾರ ಮಗಳೆಂಬುದನ್ನು ಬಾಯಿಬಿಟ್ಟು ಹೇಳಿದಳು. ಜನ ಉಳಿಯಿತು. ಹಾಮಾನನು ಮೊರ್ದೆಕೈಗಾಗಿ ನಿಲ್ಲಿಸಿದ್ದ ಐವತ್ತು ಮೊಳದ ಗಲ್ಲು ಅವನಿಗೇ ಒದಗಿತು. ಅಂದಿನಿಂದ ಯೆಹೂದ್ಯರು ಆ ದಿನ ಔತಣ ಮಾಡುತ್ತಾರೆ, ನೆರೆಯವರಿಗೆ ತಿಂಡಿಯನ್ನು ಕಳುಹಿಸುತ್ತಾರೆ, ಬಡವರಿಗೆ ದಾನವನ್ನು ಕೊಡುತ್ತಾರೆ. ಬಡವರ ಪಾಲು ಈ ಹಬ್ಬದಲ್ಲಿ ಇಷ್ಟವಿದ್ದವರು ಮಾಡುವ ಧರ್ಮಕಾರ್ಯವಲ್ಲ. ಗ್ರಂಥದಲ್ಲೇ ಬರೆದಿಟ್ಟ ವಿಧಿ.

ಈ ಪುಸ್ತಕದ ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಂದು ಸಲವೂ ಬರುವುದಿಲ್ಲವೆಂಬುದು ವಿಚಿತ್ರವಾದರೂ ನಿಜ. ನಮ್ಮ ಕಥೋಲಿಕ ಬೈಬಲಿನಲ್ಲಾದರೋ ಗ್ರೀಕ್ ಭಾಷೆಯ ಭಾಗಗಳೂ ಸೇರಿರುವುದರಿಂದ ಮೊರ್ದೆಕೈ ಮತ್ತು ಎಸ್ತೇರಳು ಮಾಡಿದ ಪ್ರಾರ್ಥನೆಗಳು ನಮಗೆ ದೊರೆತಿವೆ. ಸಂತ ಜೆರೋಮರು ಇವನ್ನು ತಮ್ಮ ಲತೀನ್ ಭಾಷಾಂತರದ ಕೊನೆಯಲ್ಲಿ ಒಟ್ಟಾಗಿ ಇರಿಸಿದರು. 1546ರಲ್ಲಿ ಟ್ರೆಂಟಿನ ಮಹಾಸಭೆ ಜೆರೋಮರ ಬೈಬಲಿನ ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳೊಡನೆ ಅಂಗೀಕರಿಸಿತು. ತಪಸ್ಸುಕಾಲದ ಮೊದಲನೆಯ ವಾರದ ಗುರುವಾರ ಬಲಿಪೂಜೆಯಲ್ಲಿ ಓದುವ ಮೊದಲ ವಾಚನ ಎಸ್ತೇರಳ ಆ ಪ್ರಾರ್ಥನೆಯೇ. ವಾರದ ನಡುವಿನ ಪೂಜೆಯಾದ್ದರಿಂದ ನಮ್ಮಲ್ಲಿ ಅನೇಕರು ಅದನ್ನು ಕೇಳಿರಲಾರರು.

ಇನ್ನು ದಿವೇಕರರ ವಿಚಾರ. ಅವರು ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯವನ್ನು ಸೇರಿ ದೇಶೀ ಅಧಿಕಾರಿಯ ಪದವಿಗೆ ಏರಿದರು. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಶತ್ರುಗಳ ಕೈಗೆ ಸಿಕ್ಕಿಬಿದ್ದರು. 1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡು ಟಿಪ್ಪು ಪಟ್ಟಕ್ಕೆ ಬಂದಿದ್ದನು. 1783ರಲ್ಲಿ ಜನರಲ್ ಮ್ಯಾಥ್ಯೂಸನು ಬಿದನೂರನ್ನು ಹಿಡಿದು, ಕೆಲವೇ ತಿಂಗಳಲ್ಲಿ ಅದನ್ನು ಟಿಪ್ಪುವಿಗೆ ಒಪ್ಪಿಸಿ, ತಾನೂ ಸೆರೆಯಾಗಿ, ಶ್ರೀರಂಗಪಟ್ಟಣದ ಸೆರೆಯಲ್ಲೇ ಪ್ರಾಣಬಿಟ್ಟನು. ಸೇನಾಪತಿಗೇ ಆ ಗತಿಯಾದಾಗ ದೇಶೀ ಸೈನಿಕರು ಆಸೆಯಿಟ್ಟುಕೊಳ್ಳಲು ಏನಿತ್ತು?

ಬೆನೆ ಇಸ್ರಾಯೇಲರು ಮನೆಮನೆಯಲ್ಲಿ ಹೇಳಿಕೊಂಡು ಬಂದ ಕಥೆ ಹೀಗಿದೆ. ಸೆರೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಕುಲವನ್ನು ವಿಚಾರಿಸುತ್ತಿದ್ದರು. ದಿವೇಕರರ ಸರದಿ ಬಂದಾಗ ಅವರು ತಾವು ಬೆನೆ ಇಸ್ರಾಯೇಲ್, ಅಂದರೆ ಇಸ್ರಾಯೇಲನ ಮಕ್ಕಳು, ಎಂದು ಉತ್ತರ ಕೊಟ್ಟರು. ಟಿಪ್ಪುವಿನ ತಾಯಿಯ ಕಿವಿಗೆ ಆ ಹೆಸರು ಬಿತ್ತು. ಕುರಾನಿನಲ್ಲಿ ಅನೇಕ ಸಲ ಬರುವ ಜನಾಂಗದ ಹೆಸರದು. ಅಂಥವರನ್ನು ಇದುವರೆಗೆ ಕಣ್ಣಾರೆ ಕಂಡಿರದ ಆಕೆ, ಇವರ ಪ್ರಾಣ ತೆಗೆಯಬಾರದೆಂದು ಮಗನಲ್ಲಿ ಬೇಡಿಕೊಂಡಳು, ಮಗನು ಒಪ್ಪಿದನು. ಕೊಚ್ಚಿಯ ಯೆಹೂದ್ಯರ ನೆರವಿನಿಂದ ಬಿಡುಗಡೆಯಾಯಿತೆಂದು ಹೇಳುವವರೂ ಇದ್ದಾರೆ. ಎರಡು ಕಥೆಗಳಲ್ಲಿ ಯಾವುದನ್ನು ಹಿಡಿದರೂ, ಸೆರೆಯಲ್ಲಿದ್ದಾಗಲೇ ದಿವೇಕರರು ಒಂದು ಹರಕೆಯನ್ನು ಹೊತ್ತಿದ್ದರೆಂಬುದು ಪರಂಪರೆ. ಜೀವಂತ ಹಿಂದಿರುಗಿದರೆ ದೇವರಿಗೊಂದು ಆಲಯವನ್ನು ಕಟ್ಟಿಸುವುದಾಗಿ.

ಎಸ್ತೇರಳು ಕುಲವನ್ನು ಬಚ್ಚಿಟ್ಟಷ್ಟು ದಿನ ತಾನೊಬ್ಬಳೇ ಸುರಕ್ಷಿತಳಾಗಿದ್ದಳು, ಅದನ್ನು ಹೇಳಿದ ದಿನ ಜನವೆಲ್ಲ ಉಳಿಯಿತು. ದಿವೇಕರರಿಗೂ ಕೊನೆಗೆ ಉಳಿದಿದ್ದ ಆಸ್ತಿ ಆ ಒಂದು ಹೆಸರೇ. ಸೈನ್ಯದ ಪದವಿ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಶನಿವಾರ ಗಾಣ ನಿಲ್ಲಿಸಿ, ದಿನದ ಸಂಪಾದನೆಯನ್ನು ಬಿಟ್ಟು, ಅಕ್ಷರವರಿಯದ ಅಜ್ಜ ಅಜ್ಜಿಯರು ಕಾಪಾಡಿಕೊಂಡು ಬಂದ ಹೆಸರು ಅದು. ಹೊಸ ಊರಿನಲ್ಲಿ ಕೆಲಸಕ್ಕೆ ಸೇರಿದೊಡನೆ ಸ್ನಾನದೀಕ್ಷೆಯ ಹೆಸರನ್ನು ಮರೆಮಾಡುವ ನಮ್ಮ ತರುಣರು ಈ ಸಂಗತಿಯನ್ನು ಸ್ವಲ್ಪ ಯೋಚಿಸಬೇಕೆಂದು ನಮಗೆ ತೋರುತ್ತದೆ. ಹಾಗೆಯೇ ಪರಧರ್ಮದ ತಾಯಿಯೊಬ್ಬಳು ತನ್ನ ಗ್ರಂಥದಲ್ಲಿ ಓದಿದ್ದನ್ನು ನೆನೆದು ಕರುಣೆಗೆ ಕಾರಣಳಾದಳೆಂಬುದನ್ನೂ ಮರೆಯಲಾಗದು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹೈದರ್ ಮತ್ತು ಟಿಪ್ಪುವಿನ ಸಮಾಧಿಗಳ ಜೊತೆಯಲ್ಲಿ ಆಕೆಯ ಸಮಾಧಿಯೂ ಇದೆ. ಆಕೆಯ ಹೆಸರು ಫಾತಿಮಾ ಫಕ್ರುನ್ನಿಸಾ.

ಇಲ್ಲಿ ಒಂದು ಕಹಿಯಾದ ಮಾತನ್ನು ಆಡದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. 1784ರ ತಪಸ್ಸುಕಾಲದ ಆರಂಭದಲ್ಲಿ, ವಿಭೂತಿ ಬುಧವಾರದಂದು ಎಂದು ನಮ್ಮವರ ಪರಂಪರೆ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪುವು ಕನ್ನಡ ಕರಾವಳಿಯ ಕಥೋಲಿಕರನ್ನು ಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದನು. ಅವರ ಸಂಖ್ಯೆಯನ್ನು 30,000 ಎಂದವರಿದ್ದಾರೆ, 60,000 ಎಂದವರೂ ಇದ್ದಾರೆ. ದಾರಿಯಲ್ಲಿ ಸತ್ತವರೆಷ್ಟೋ. ಅವರ ಪರವಾಗಿ ಅರಮನೆಯಲ್ಲಿ ಯಾವ ಎಸ್ತೇರಳೂ ನಿಲ್ಲಲಿಲ್ಲ. ಅವರೂ ಪ್ರಾರ್ಥಿಸಿದರು, ಅವರೂ ಹರಕೆ ಹೊತ್ತಿರಬೇಕು. 1799ರ ಮೇ 4ರಂದು ಕೋಟೆ ಬೀಳುವವರೆಗೆ ಹದಿನೈದು ವರುಷ ಬಾಗಿಲು ತೆರೆಯಲಿಲ್ಲ. ಒಬ್ಬನ ಮೊರೆ ಬೇಗ ಕೇಳಿತು, ಸಾವಿರಾರು ಜನರ ಮೊರೆ ತಡವಾಗಿ ಕೇಳಿತು ಏಕೆಂದರೆ ಉತ್ತರ ಹೇಳಲು ನಮ್ಮಿಂದಾಗದು. ದೇವರ ಹೆಸರೇ ಬಾರದ ಆ ಹೀಬ್ರೂ ಪುಸ್ತಕದಂತೆ ಆ ಹದಿನೈದು ವರುಷಗಳೂ ಇವೆ. ಬಲವಂತದಿಂದ ಮತವನ್ನು ಬಿಡಬೇಕಾಗಿ ಬಂದ ಸೆರೆಯಾಳುಗಳಲ್ಲಿ ಉಳಿದವರು ಬಿಡುಗಡೆಯಾದೊಡನೆ ಧರ್ಮಸಭೆಯ ಬಾಗಿಲಿಗೆ ಹಿಂದಿರುಗಿದರೆಂಬುದು ಮಾತ್ರ ಚರಿತ್ರೆಯಲ್ಲಿ ನಿಂತಿದೆ. ಅವರನ್ನು ಮರಳಿ ಬರಮಾಡಿಕೊಳ್ಳಲು ಶ್ರೀರಂಗಪಟ್ಟಣಕ್ಕೆ ಬಂದವರಲ್ಲಿ ನಮ್ಮ ಮೈಸೂರು ಸೀಮೆಯ ದೊಡ್ಡಸ್ವಾಮಿಯವರೆಂದು ಹೆಸರಾದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರೂ ಒಬ್ಬರು.

ದಿವೇಕರರು ಬೊಂಬಾಯಿಗೆ ಹಿಂದಿರುಗಿದ ಮೇಲೆ ಹರಕೆಯನ್ನು ಮರೆಯಲಿಲ್ಲ. ಕಷ್ಟದಲ್ಲಿ ಹೊತ್ತ ಹರಕೆ ಸುಖದಲ್ಲಿ ಭಾರವಾಗಿ ತೋರುವುದು ಲೋಕರೂಢಿ. ಅವರಿಗೂ ಸುಮಾರು ಹನ್ನೆರಡು ವರುಷ ಹಿಡಿಯಿತು. 1796ರಲ್ಲಿ ಮಾಂಡವಿಯ ಭಾಗದಲ್ಲಿ ಬೊಂಬಾಯಿಯ ಮೊಟ್ಟಮೊದಲ ಯೆಹೂದ್ಯ ಪ್ರಾರ್ಥನಾಲಯ ಎದ್ದಿತು. ಇಂದು ಅದನ್ನು ಹೀಬ್ರೂ ಭಾಷೆಯಲ್ಲಿ ಶಾರ್ ಹರಹಮಿಮ್, ಅಂದರೆ ಕರುಣೆಯ ಬಾಗಿಲು, ಎಂದು ಕರೆಯುತ್ತಾರೆ. 1860ರಲ್ಲಿ ಅದನ್ನು ಸಮೀಪದಲ್ಲೇ ಈಗಿನ ಸ್ಥಳಕ್ಕೆ ಸಾಗಿಸಿದರು. ಆ ಬೀದಿಗೆ ಅವರ ಹೆಸರಿನಿಂದಲೇ ಸಾಮುವೇಲ್ ಬೀದಿ ಎಂದು ಹೆಸರಾಯಿತು.

ಕಟ್ಟಡವೆದ್ದರೂ ಅದರೊಳಗೆ ಇರಿಸಲು ಧರ್ಮಶಾಸ್ತ್ರದ ಸುರುಳಿಗಳು ಬೇಕಾಗಿದ್ದವು. ಕೈಬರಹದ ಆ ಸುರುಳಿಗಳು ದೊರೆಯುತ್ತಿದ್ದುದು ಕೊಚ್ಚಿಯ ಯೆಹೂದ್ಯರ ಬಳಿ. ವಯಸ್ಸಾಗಿದ್ದರೂ ದಿವೇಕರರು ಅವನ್ನು ತರಲು ತಾವೇ ಕೊಚ್ಚಿಗೆ ಪ್ರಯಾಣ ಮಾಡಿದರು. 1797ರಲ್ಲಿ ಅಲ್ಲಿಯೇ ಅವರು ದೈವಾಧೀನರಾದರು.