ಬಡವರ ನಿಧಿಯ ನಿರ್ಮಾತೃ ಅಲ್ಫೋನ್ಸ್ ದೆಜಾರ್ಡಿನ್

ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ, ಸೇಂಟ್ ಲಾರೆನ್ಸ್ ನದಿಯ ದಕ್ಷಿಣ ದಂಡೆಯ ಮೇಲೆ ಲೆವಿ ಎಂಬ ಪಟ್ಟಣವಿದೆ. 1854ರ ನವೆಂಬರ್ 5ರಂದು ಅಲ್ಲಿನ ಒಂದು ಬಡ ಕಥೋಲಿಕ ಕುಟುಂಬದಲ್ಲಿ ಅಲ್ಫೋನ್ಸ್ ದೆಜಾರ್ಡಿನ್ ಜನಿಸಿದರು. ಹದಿನೈದು ಮಂದಿ ಮಕ್ಕಳಲ್ಲಿ ಇವರು ಎಂಟನೆಯವರು. ಊರಿನ ಕಾಲೇಜಿನಲ್ಲಿ ಗುರುಗಳ ಬಳಿ ಒಂದಿಷ್ಟು ವಿದ್ಯೆ ಕಲಿತು, ಹದಿನಾರರ ವಯಸ್ಸಿಗೇ ಓದು ನಿಲ್ಲಿಸಿ ದುಡಿಮೆಗೆ ಇಳಿದರು. ಪತ್ರಿಕಾ ವೃತ್ತಿ, ಪ್ರಾಂತ್ಯದ ಶಾಸನಸಭೆಯ ಚರ್ಚೆಗಳನ್ನು ಪ್ರಕಟಿಸುವ ಕೆಲಸ, ಬಹುಕಾಲ ಬಾಳದ ಒಂದು ಸ್ವಂತ ಪತ್ರಿಕೆ, ಹೀಗೆ ಅವರ ಯೌವನ ಕಳೆಯಿತು. 1892ರಲ್ಲಿ ಒಟ್ಟಾವಾ ನಗರದ ಸಂಸತ್ತಿನಲ್ಲಿ ಫ್ರೆಂಚ್ ಭಾಷಣಗಳನ್ನು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವ ಉದ್ಯೋಗ ದೊರೆಯಿತು. ಅಧಿವೇಶನದ ತಿಂಗಳುಗಳಲ್ಲಿ ಒಟ್ಟಾವಾ, ಉಳಿದ ತಿಂಗಳುಗಳಲ್ಲಿ ಲೆವಿ. ಅನ್ಯರ ಮಾತನ್ನು ಮೌನವಾಗಿ ಬರೆದುಕೊಳ್ಳುವ ಈ ಉದ್ಯೋಗವೇ ಅವರ ಜೀವನದ ದಿಕ್ಕನ್ನು ಬದಲಿಸಿತು.

1897ರ ಏಪ್ರಿಲ್ ತಿಂಗಳಲ್ಲಿ ಸದಸ್ಯರೊಬ್ಬರು ಬಡ್ಡಿ ವ್ಯವಹಾರವನ್ನು ನಿಯಂತ್ರಿಸುವ ಮಸೂದೆಯೊಂದನ್ನು ಮಂಡಿಸಿದರು. ಮಾಂಟ್ರಿಯಲ್ ನಗರದ ಒಬ್ಬ ವ್ಯಕ್ತಿಯು 150 ಡಾಲರ್ ಸಾಲ ಪಡೆದು, ಅದಕ್ಕೆ ಬಡ್ಡಿಯಾಗಿಯೇ 5,000 ಡಾಲರ್ ತೆರಬೇಕಾಗಿ ಬಂದ ಸಂಗತಿಯನ್ನು ಅವರು ಸಭೆಯ ಮುಂದಿಟ್ಟರು. ಚಕ್ರಬಡ್ಡಿಯ ಬಾಧೆಯನ್ನು ಬಲ್ಲ ನಮ್ಮ ನಾಡಿನವರಿಗೆ ಇದು ತೀರ ಅಪರಿಚಿತವಾದ ಕಥೆಯೇನಲ್ಲ. ಸಭೆಯಲ್ಲಿದ್ದವರೆಲ್ಲ ಕೇಳಿದರು, ಬರೆದುಕೊಳ್ಳುತ್ತಿದ್ದ ದೆಜಾರ್ಡಿನ್ನರ ಮನಸ್ಸಿನಿಂದ ಮಾತ್ರ ಆ ಅಂಕಿಗಳು ಅಳಿಯಲಿಲ್ಲ. ಬ್ಯಾಂಕುಗಳಿಗೆ ಕೂಲಿಯವನ ಸಣ್ಣ ಠೇವಣಿಯೂ ಬೇಡ, ಅವನ ಸಣ್ಣ ಸಾಲವೂ ಬೇಡ. ಆದುದರಿಂದ ಕಾಯಿಲೆಯೋ ನಿರುದ್ಯೋಗವೋ ಬಂದೊಡನೆ ಅವನು ಬಡ್ಡಿಯವನ ಬಾಗಿಲಿಗೇ ಹೋಗಬೇಕು. ಕೇವಲ ಕಾನೂನಿನಿಂದ ಈ ಕೇಡು ತೊಲಗದೆಂದು ಅವರಿಗೆ ತೋರಿತು.

ಸಂಸತ್ತಿನ ಗ್ರಂಥಾಲಯದಲ್ಲಿ ಯೂರೋಪಿನ ಜನತಾ ಬ್ಯಾಂಕುಗಳನ್ನು ಕುರಿತು ಹೆನ್ರಿ ವುಲ್ಫ್ ಎಂಬುವರು ಬರೆದ ಗ್ರಂಥ ಅವರ ಕೈಸೇರಿತು. ಜರ್ಮನಿಯ ರೈಫೈಸನ್, ಇಟಲಿಯ ಲುತ್ಸಾತ್ತಿ ಮೊದಲಾದವರ ಪ್ರಯೋಗಗಳನ್ನು ಅವರು ಆಳವಾಗಿ ಅಧ್ಯಯನ ಮಾಡಿದರು. ವುಲ್ಫರೊಂದಿಗೂ ಇತರ ಸಹಕಾರಿ ನಾಯಕರೊಂದಿಗೂ ಪತ್ರವ್ಯವಹಾರ ನಡೆಸಿದರು. ಮೂರು ವರ್ಷಗಳಿಗೂ ಮಿಕ್ಕಿ ಸಾಗಿತು ಈ ತಪಸ್ಸು. ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿ ಹೊರಡಿಸಿದ ಶ್ರಮಿಕರ ಕುರಿತ ವಿಶ್ವಪತ್ರವು ಕಥೋಲಿಕ ಶ್ರೀಸಾಮಾನ್ಯರ ಮನಸ್ಸನ್ನು ಎಚ್ಚರಿಸಿದ್ದ ಕಾಲವದು.

1900ರ ಡಿಸೆಂಬರ್ 6ರ ಸಂಜೆ ಲೆವಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಸೇರಿ ಜನತಾ ನಿಧಿಯ ನಿಯಮಾವಳಿಗೆ ಸಹಿ ಹಾಕಿದರು. 1901ರ ಜನವರಿ 23ರಂದು ವಹಿವಾಟು ಆರಂಭವಾಯಿತು. ಮೊದಲನೆಯ ಠೇವಣಿ 10 ಸೆಂಟು. ಅಂದು ಒಟ್ಟು ಸೇರಿದ ಹಣ 26 ಡಾಲರ್ 40 ಸೆಂಟು. ಒಂದು ಪಾಲಿನ ಬೆಲೆ 5 ಡಾಲರ್. ಅಷ್ಟನ್ನು ಒಮ್ಮೆಗೇ ತರಲಾರದ ಕೂಲಿಯವನು ವಾರಕ್ಕೆ 10 ಸೆಂಟಿನಂತೆ ಕಟ್ಟುತ್ತ ಒಂದು ವರ್ಷದಲ್ಲಿ ಪಾಲುದಾರನಾಗಬಹುದಿತ್ತು. ಎಷ್ಟು ಪಾಲುಗಳಿದ್ದರೂ ಒಬ್ಬನಿಗೆ ಒಂದೇ ಮತ. ಸಾಲವು ಸದಸ್ಯನಿಗೆ ಮಾತ್ರ; ಅದೂ ಯಾವ ಕಾರ್ಯಕ್ಕೆಂದು ವಿಚಾರಿಸಿ, ನೆರೆಹೊರೆಯವರೇ ಆದ ಸಮಿತಿಯವರು ಒಪ್ಪಿದ ಮೇಲೆ. ಆಸ್ತಿಗಿಂತ ಮನುಷ್ಯನ ಪ್ರಾಮಾಣಿಕತೆಯೇ ಆಧಾರ.

ನಿಧಿಯ ವ್ಯಾಪ್ತಿಯನ್ನು ಒಂದೊಂದು ವಿಚಾರಣೆಗೆ ಸೀಮಿತಗೊಳಿಸಿದ್ದು ದೆಜಾರ್ಡಿನ್ನರ ವಿವೇಕಕ್ಕೆ ಸಾಕ್ಷಿ. ಒಂದೇ ದೇವಾಲಯದಲ್ಲಿ ಮೊಣಕಾಲೂರುವವರು ಒಬ್ಬರನ್ನೊಬ್ಬರು ಬಲ್ಲರು. ಯಾರು ಕುಡುಕ, ಯಾರು ಕಷ್ಟಜೀವಿ ಎಂಬುದಕ್ಕೆ ಬೇರೆ ದಾಖಲೆ ಬೇಕಿಲ್ಲ. ಆದರೆ ವಿಚಾರಣೆಯ ಎಲ್ಲರೂ ಕೈಗೂಡಿಸದೆ ಇದು ನಡೆಯುವಂತಿರಲಿಲ್ಲ. ವಿಚಾರಣಾ ಗುರುಗಳು ಪೀಠದಿಂದ ಇದರ ಅಗತ್ಯವನ್ನು ಬೋಧಿಸಿದರು. ಅನೇಕ ಕಡೆ ಲೆಕ್ಕವನ್ನೂ ತಾವೇ ಬರೆದರು. ಶಾಲೆಗಳಲ್ಲಿ ಮಕ್ಕಳ ಚಿಲ್ಲರೆ ಕಾಸನ್ನು ಸಂಗ್ರಹಿಸುವ ಏರ್ಪಾಡಾಯಿತು. ಗ್ರೋಂದ್ಯಾಂ ಎಂಬ ಗುರುಗಳು ಕಾವ್ಯನಾಮದಲ್ಲಿ ಲೇಖನಗಳನ್ನು ಬರೆದು, ಜನತಾ ನಿಧಿಯನ್ನು ಪ್ರಶ್ನೋತ್ತರ ರೂಪದಲ್ಲಿ ತಿಳಿಸುವ ಕಿರುಹೊತ್ತಗೆಯನ್ನೂ ರಚಿಸಿದರು. ಬಡ ಕುಟುಂಬವು ಉಳಿಸಿದ ಪ್ರತಿ ಕಾಸಿಗೆ ಸರಿಸಮವಾಗಿ ಸಂಘಸಂಸ್ಥೆಗಳು ಮತ್ತೊಂದು ಕಾಸು ಸೇರಿಸುವ ಯೋಜನೆಗಳು ಈಚಿನ ದಶಕಗಳಲ್ಲಿ ಕೆಲವು ದೇಶಗಳಲ್ಲಿ ನಡೆದಿವೆ. ದೆಜಾರ್ಡಿನ್ನರದು ಆ ಮಾರ್ಗವಲ್ಲ. ಅವರು ಬಡವನ ಕಾಸಿಗೆ ಜೊತೆಗೂಡಿಸಿದ್ದು ಉಳ್ಳವರ ದಾನವನ್ನಲ್ಲ. ಗುರುಗಳ ಮಾತು, ಉಪಾಧ್ಯಾಯರ ಸಮಯ, ಸಂಬಳವಿಲ್ಲದ ಪದಾಧಿಕಾರಿಗಳ ದುಡಿಮೆ ಇವುಗಳನ್ನು. ದಾನಕ್ಕಿಂತ ಇದೇ ಹೆಚ್ಚು ದುಬಾರಿಯಾದ ಕೊಡುಗೆ ಎಂದು ಈ ಲೇಖಕನ ಅಭಿಪ್ರಾಯ.

ಈ ಪೈಕಿ ಹಿರಿದಾದ ಪಾಲು ಅವರ ಧರ್ಮಪತ್ನಿ ದೊರಿಮೆನ್ ಅವರದು. 1879ರಲ್ಲಿ ವಿವಾಹವಾದ ಈ ದಂಪತಿಗಳಿಗೆ ಹತ್ತು ಮಂದಿ ಮಕ್ಕಳು. ನಿಧಿಯ ಕಚೇರಿ ಬಹುಕಾಲ ಇವರ ಮನೆಯಲ್ಲಿಯೇ ಇತ್ತು. ಪತಿ ಒಟ್ಟಾವಾದಲ್ಲಿರುವಾಗ ಠೇವಣಿ ಪಡೆಯುವುದು, ಲೆಕ್ಕವಿಡುವುದು, ಬಂದವರಿಗೆ ಸಮಾಧಾನ ಹೇಳುವುದು ಎಲ್ಲವೂ ಆ ಗೃಹಿಣಿಯ ಪಾಲಿಗೆ ಬಂದಿತು. ಹೊಗಳಿಕೆಯೆಲ್ಲ ಪತಿಗೆ ಸಂದಿತು. ಹಗಲಿರುಳಿನ ಕಾವಲು ಪತ್ನಿಯದಾಗಿತ್ತು.

ಆ ಕಾವಲು ಎಷ್ಟು ಭಯದಿಂದ ಕೂಡಿತ್ತೆಂಬುದನ್ನು ತಿಳಿಯಬೇಕು. ಆಗ ಇಂತಹ ಸಂಸ್ಥೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ನಿಧಿ ಕುಸಿದಲ್ಲಿ ನೂರಾರು ಬಡವರ ಬೆವರಿನ ಹಣಕ್ಕೆ ದೆಜಾರ್ಡಿನ್ನರೇ ಸ್ವಂತ ಹೊಣೆಗಾರರಾಗಿ, ಮನೆ ಮಠ ಕಳೆದುಕೊಳ್ಳುವ ಸಂಭವವಿತ್ತು. ಠೇವಣಿ ಬೆಳೆದಷ್ಟೂ ಅವರ ನಿದ್ರೆ ಕಡಿಮೆಯಾಯಿತು. ಸರ್ಕಾರದ ಬಾಗಿಲನ್ನು ತಟ್ಟಿ ತಟ್ಟಿ ಸೋತು, ಎಲ್ಲವನ್ನೂ ಮುಚ್ಚಿಬಿಡುವ ಯೋಚನೆಯೂ ಬಂದಿತು. ಆಗ ಧೈರ್ಯ ತುಂಬಿದವರಲ್ಲಿ ಕ್ವಿಬೆಕ್ಕಿನ ಮಹಾಧರ್ಮಾಧ್ಯಕ್ಷರಾದ ಬೆಜಾಂ ಅವರೂ ಒಬ್ಬರು. ಕಡೆಗೆ 1906ರ ಮಾರ್ಚ್ ತಿಂಗಳಲ್ಲಿ ಪ್ರಾಂತ್ಯದ ಶಾಸನಸಭೆಯು ಸಹಕಾರಿ ಸಂಘಗಳ ಕಾಯಿದೆಯನ್ನು ಅಂಗೀಕರಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಗಾಗಿ ನಡೆಸಿದ ಯತ್ನ ಮಾತ್ರ ಫಲಿಸಲಿಲ್ಲ. ಕೆಳಮನೆಯಲ್ಲಿ ಅಂಗೀಕೃತವಾದ ಮಸೂದೆಯು 1908ರಲ್ಲಿ ಸೆನೆಟ್ಟಿನಲ್ಲಿ ಒಂದೇ ಒಂದು ಮತದ ಅಂತರದಿಂದ ಬಿದ್ದುಹೋಯಿತು.

ಅವರು ಕುಗ್ಗಲಿಲ್ಲ. ರಜೆಯ ದಿನಗಳಲ್ಲೆಲ್ಲ ಹಳ್ಳಿಯಿಂದ ಹಳ್ಳಿಗೆ ಸಂಚರಿಸಿ, ಗುರುಗಳು ಕರೆದಲ್ಲಿಗೆ ಹೋಗಿ ನಿಧಿಗಳನ್ನು ಸ್ಥಾಪಿಸಿದರು. 1908ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಮ್ಯಾಂಚೆಸ್ಟರ್ ನಗರದಲ್ಲಿ ಸಂತ ಮರಿಯಮ್ಮನವರ ವಿಚಾರಣೆಯ ಗುರು ಎವೆ ಅವರ ಆಹ್ವಾನದ ಮೇರೆಗೆ, ಗಿರಣಿಗಳಲ್ಲಿ ದುಡಿಯುತ್ತಿದ್ದ ಫ್ರೆಂಚ್ ಭಾಷಿಕ ಕಾರ್ಮಿಕರಿಗಾಗಿ ಒಂದು ನಿಧಿಯನ್ನು ಆರಂಭಿಸಲು ನೆರವಾದರು. ಆ ದೇಶದ ಮೊತ್ತಮೊದಲ ಸಾಲ ಸಹಕಾರ ಸಂಘ ಅದೇ. ಮರುವರ್ಷ ಮ್ಯಾಸಚೂಸೆಟ್ಸ್ ಸಂಸ್ಥಾನವು ಕಾಯಿದೆ ಮಾಡುವಾಗಲೂ ಅವರ ಸಲಹೆ ಪಡೆಯಿತು. 1913ರಲ್ಲಿ ಜಗದ್ಗುರು ಹತ್ತನೆಯ ಭಕ್ತಿನಾಥರು ಅವರಿಗೆ ಸಂತ ಗ್ರೆಗೊರಿಯವರ ಹೆಸರಿನ ಗೌರವಪದವಿಯನ್ನು ದಯಪಾಲಿಸಿದರು.

ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಈ ಬೀಜ ಮೊಳೆಯುತ್ತಿತ್ತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದರು. ಲೆವಿಗೂ ಇವಕ್ಕೂ ನೇರ ನಂಟಿಲ್ಲದಿದ್ದರೂ ರೈಫೈಸನ್ನರ ಜರ್ಮನಿಯೇ ಎರಡೂ ಕಡೆಗೆ ಮಾದರಿಯಾಗಿತ್ತು.

ಮೂತ್ರಪಿಂಡದ ವ್ಯಾಧಿಯು ದೆಜಾರ್ಡಿನ್ನರ ಕಡೆಯ ವರ್ಷಗಳನ್ನು ಕಸಿದುಕೊಂಡಿತು. 1917ರಲ್ಲಿ ಉದ್ಯೋಗವನ್ನು ತ್ಯಜಿಸಿದರು. ಚದುರಿದ ನಿಧಿಗಳನ್ನೆಲ್ಲ ಒಂದು ಕೇಂದ್ರ ಸಂಘದಲ್ಲಿ ಜೋಡಿಸಬೇಕೆಂಬ ಹಂಬಲ ಕೊನೆಯವರೆಗೂ ಇತ್ತು; ಹಾಸಿಗೆಯಿಂದಲೇ ಅದಕ್ಕಾಗಿ ಪತ್ರಗಳನ್ನು ಬರೆಯುತ್ತಿದ್ದರು. ಅದು ಕೈಗೂಡುವ ಮೊದಲೇ, 1920ರ ಅಕ್ಟೋಬರ್ 31ರಂದು ಲೆವಿಯಲ್ಲಿ ದೈವಾಧೀನರಾದರು. ಪತಿಯ ನಂತರ ಹನ್ನೆರಡು ವರ್ಷ ಬದುಕಿದ ದೊರಿಮೆನ್ ಅವರ ಸಲಹೆಯನ್ನು ನಿಧಿಗಳ ಮುಖಂಡರು ಕೇಳುತ್ತಲೇ ಇದ್ದರು. ಅವರೂ ತೀರಿಕೊಂಡ 1932ರಲ್ಲಿಯೇ ಪ್ರಾಂತ್ಯದ ನಿಧಿಗಳೆಲ್ಲ ಒಂದು ಒಕ್ಕೂಟವಾಗಿ ಕೂಡಿದವು. ದಂಪತಿಗಳು ಬಾಳಿದ ಲೆವಿಯ ಮನೆಯನ್ನು ಇಂದು ಸ್ಮಾರಕವಾಗಿ ಕಾಪಾಡಲಾಗಿದೆ.