ಮನೆ ಮಾರಿ ಮುದ್ರಣಾಲಯ ಹಾಕಿದ ವಕೀಲರು

ಗಡಿನಾಡಿನ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿರುತ್ತದೆ. ಎಡನೀರು, ಚೆರ್ಕಳ, ಬದಿಯಡ್ಕದ ಕಡೆ ಮಹಾಳಿ ಬಂದು ಅಡಿಕೆ ಉದುರಿದ ವರ್ಷ ತೋಟದ ಸಾಲ ತೀರುವುದಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಮಳೆ ಕೈಕೊಟ್ಟರೆ ಜೋಳದ ಹೊಲ ಬೀಜದ ದುಡ್ಡನ್ನೂ ಕೊಡುವುದಿಲ್ಲ. ವ್ಯಾಪಾರಿಗಳಿಗೆ ಉದ್ರಿ ಬಾಕಿ ಬರುವುದಿಲ್ಲ, ಸಗಟು ವ್ಯಾಪಾರಿಯ ತಗಾದೆ ನಿಲ್ಲುವುದಿಲ್ಲ. ಅಂತಹ ಹೊತ್ತಿನಲ್ಲಿ ದೂರದ ಊರಿನಿಂದಲೋ ಗಲ್ಫಿನಿಂದಲೋ ಹೆಚ್ಚು ಸಂಬಳದ ಕೆಲಸವೊಂದು ಕರೆಯುತ್ತದೆ. ಹೋಗಬೇಕೆ, ಇರಬೇಕೆ? ಹಿಡಿದ ಕಾಯಕವನ್ನು ಬಿಟ್ಟರೆ ತಪ್ಪೇ? ಬಿಡದಿದ್ದರೆ ಮಕ್ಕಳ ಗತಿಯೇನು?

ಈ ಪ್ರಶ್ನೆಗೆ ಉಪದೇಶದ ಮಾತು ಹೇಳುವುದು ಸುಲಭ. ಅದರ ಬದಲು, ಇದೇ ತಕ್ಕಡಿಯಲ್ಲಿ ತಮ್ಮ ಬದುಕನ್ನೇ ಇಟ್ಟು ತೂಗಿದ ಒಬ್ಬ ಹಿರಿಯರ ಜೀವನವನ್ನು ನೆನೆಯೋಣವೆಂದು ನಾವು ಬಯಸುತ್ತೇವೆ. ಅವರೇ ವಚನ ಪಿತಾಮಹರೆಂದು ನಾಡು ಗೌರವಿಸುವ ಡಾ. ಫ. ಗು. ಹಳಕಟ್ಟಿಯವರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ತಾಯಿ ದಾನಾದೇವಿ. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ, ಪುಸ್ತಕ ಇತ್ತು. ಧಾರವಾಡದ ಶಾಲೆ ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿದರು. 1901ರಲ್ಲಿ ಬಿ.ಎ., 1904ರಲ್ಲಿ ಎಲ್‌ಎಲ್.ಬಿ. ಪದವಿ ಪಡೆದರು. ಮುಂಬಯಿಯಲ್ಲಿ ಗುಜರಾತಿ ಮತ್ತು ಮರಾಠಿ ಜನರು ತಮ್ಮ ಭಾಷೆಯ ಬಗ್ಗೆ ಇಟ್ಟುಕೊಂಡ ಅಭಿಮಾನವನ್ನು ಕಂಡರು. ನಮ್ಮ ಕನ್ನಡಕ್ಕೇಕೆ ಈ ಸ್ಥಿತಿ ಎಂಬ ಕೊರಗು ಅಲ್ಲಿಂದಲೇ ಅವರನ್ನು ಹತ್ತಿತು.

ಆ ಕಾಲದಲ್ಲಿ ಕಾನೂನು ಪದವಿ ಎಂದರೆ ಸಾಮಾನ್ಯ ಮಾತಲ್ಲ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಪದವೀಧರರೇ ವಿರಳ. ವಕೀಲರಾದವರಿಗೆ ಮನೆ, ಮಾನ, ಆದಾಯ ಮೂರೂ ಒಟ್ಟಿಗೆ ಬರುತ್ತಿದ್ದವು. ಹಳಕಟ್ಟಿಯವರು ಮೊದಲು ಬೆಳಗಾವಿಯಲ್ಲಿ, ಆ ಬಳಿಕ ಬಿಜಾಪುರದಲ್ಲಿ ವಕೀಲಿ ಆರಂಭಿಸಿದರು. ಕಕ್ಷಿಗಾರರು ಬಂದರು, ಹೆಸರೂ ಬಂತು. ಒಂದು ಕುಟುಂಬ ನೆಮ್ಮದಿಯಿಂದ ತಲೆಮಾರು ಕಳೆಯಲು ಬೇಕಾದ ದಾರಿ ಅವರ ಮುಂದೆ ತೆರೆದಿತ್ತು.

ಆದರೆ ವಕೀಲರಾಗುವ ಮೊದಲೇ ಅವರ ಕಣ್ಣಿಗೆ ಒಂದು ವಸ್ತು ಬಿದ್ದಿತ್ತು. 1903ರ ಸುಮಾರಿಗೆ ರಬಕವಿ-ಬನಹಟ್ಟಿಯ ಕಡೆ ಹೋದಾಗ ಅಲ್ಲಿಯ ಮನೆಯೊಂದರಲ್ಲಿ ತಾಡೋಲೆಯ ಕಟ್ಟುಗಳನ್ನು ನೋಡಿದರು. ಅವು ಶರಣರ ವಚನಗಳು. ಮನೆಯವರು ಅವುಗಳನ್ನು ದೇವರ ಜಗುಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜಿಸುವ ಕಾಲವದು. ಓದುವವರು ಕಡಿಮೆ. ಹುಳು ತಿಂದು, ಗೆದ್ದಲು ಹಿಡಿದು, ಅಂಚು ಮುರಿದು ಅವು ಸಾಯುತ್ತಿದ್ದವು. ಪೂಜೆಯ ವಸ್ತುವಾಗಿ ಉಳಿದದ್ದು ಅರಿವಿನ ವಸ್ತುವಾಗಿ ಅಳಿಯುತ್ತಿದೆ ಎಂಬುದು ಅವರಿಗೆ ಹೊಳೆಯಿತು.

ಅಂದಿನಿಂದ ಅವರ ದಿನ ಎರಡು ಭಾಗವಾಯಿತು. ಹಗಲು ಕೋರ್ಟು, ಉಳಿದ ಹೊತ್ತು ತಾಡೋಲೆ. ರಜೆ ಬಂದರೆ ಊರೂರು ತಿರುಗಾಟ. ಮಠಗಳ ಬಾಗಿಲು, ಹಳೆಯ ಮನೆತನಗಳ ಬಾಗಿಲು ತಟ್ಟುವುದು, ಕಟ್ಟುಗಳನ್ನು ಬೇಡುವುದು, ಕೊಡದವರಲ್ಲಿ ಕುಳಿತೇ ನಕಲು ಮಾಡಿಕೊಳ್ಳುವುದು. ತಾಡೋಲೆಯ ಕೆಲಸ ಹೊರಗಿನಿಂದ ನೋಡಿದಷ್ಟು ಹಗುರವಲ್ಲ. ಓಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಬಿಡುವಿಲ್ಲ, ಸಾಲು ಮುಗಿಯಿತೆಂಬ ಗುರುತಿಲ್ಲ. ನಕಲುಗಾರನ ತಪ್ಪು ಮುಂದಿನ ನಕಲಿಗೂ ಇಳಿದಿರುತ್ತದೆ. ಒಂದೇ ವಚನವನ್ನು ನಾಲ್ಕು ಕಟ್ಟುಗಳಲ್ಲಿ ಹುಡುಕಿ, ಹೋಲಿಸಿ, ಅಂಕಿತ ನೋಡಿ ಇದು ಯಾವ ಶರಣರದು ಎಂದು ನಿರ್ಧರಿಸಬೇಕು. ಅವರು ಕೈಯಿಡುವ ಮುನ್ನ ಸುಮಾರು 50 ವಚನಕಾರರ ಹೆಸರು ಮಾತ್ರ ತಿಳಿದಿತ್ತು. ಅವರ ಶ್ರಮದಿಂದ ಆ ಸಂಖ್ಯೆ ಸುಮಾರು 250ಕ್ಕೆ ಏರಿತು.

ಇಷ್ಟರ ನಡುವೆಯೂ ಅವರು ಲೋಕದ ವ್ಯವಹಾರಕ್ಕೆ ಬೆನ್ನು ಹಾಕಿದವರಲ್ಲ. 1910ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘ ಹುಟ್ಟುವುದಕ್ಕೆ ಕಾರಣರಾದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಮುಂದಾದರು. ಬಿಜಾಪುರ ಜಿಲ್ಲೆ ಬರಗಾಲದ ಸೀಮೆ. ರೈತನ ಕೈ ಬರಿದಾದಾಗ ಸಾಹುಕಾರನ ಬಡ್ಡಿ ಅವನ ಹೊಲವನ್ನೇ ನುಂಗುತ್ತಿತ್ತು. ನಾಲ್ಕು ಜನ ಕೂಡಿ ಹಣ ಕೂಡಿಸಿದರೆ ಒಬ್ಬನ ಕಷ್ಟವನ್ನು ಎಲ್ಲರೂ ಹೊರಬಹುದು ಎಂಬುದೇ ಸಹಕಾರದ ತತ್ತ್ವ. 1920ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರೂ ಆದರು. ಹಣದ ಬೆಲೆ ತಿಳಿಯದ ಸಾಧುವೊಬ್ಬರು ಹಣ ಕಳೆದುಕೊಂಡರು ಎಂದು ಯಾರೂ ಭಾವಿಸಬಾರದು. ಬ್ಯಾಂಕು ಕಟ್ಟಬಲ್ಲವರು, ಲೆಕ್ಕ ಬಲ್ಲವರು, ತಿಳಿದೇ ಮಾಡಿದ ವೆಚ್ಚವದು.

ಸುಮಾರು 20 ವರ್ಷಗಳ ಸಂಗ್ರಹ ಗ್ರಂಥರೂಪಕ್ಕೆ ಬಂದಾಗ ಅದನ್ನು ಅಚ್ಚು ಹಾಕಿಸುವ ಪ್ರಶ್ನೆ ಬಂತು. ಕನ್ನಡ ಮುದ್ರಣಕ್ಕೆ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ಹೆಸರಾದದ್ದು. ಎಡನೀರಿನ ಸುತ್ತಲಿನ ನಮ್ಮ ಓದುಗರು ಇಲ್ಲೊಂದು ಸಂಗತಿ ನೆನೆಯಬೇಕು. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲ್ಲೂಕು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅಂದರೆ ವಚನಗಳ ಆ ಹಸ್ತಪ್ರತಿ ಬಿಜಾಪುರದಿಂದ ಹೊರಟು ಬಂದದ್ದು ನಮ್ಮದೇ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ. ಆದರೆ ಮುದ್ರಣಾಲಯ ಅದನ್ನು ಅಚ್ಚು ಮಾಡದೆ ಹಿಂದಕ್ಕೆ ಕಳುಹಿಸಿತು. ಬಂದ ದಾರಿಯಲ್ಲೇ ಕಟ್ಟು ಮರಳಿ ಘಟ್ಟ ಹತ್ತಿತು.

ಇಲ್ಲಿ ಮತ್ತೊಬ್ಬರಾಗಿದ್ದರೆ ಕೈಬಿಡುತ್ತಿದ್ದರು. ಹಳಕಟ್ಟಿಯವರು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಪುಸ್ತಕ ನಾಡಿನ ಕೈ ಸೇರಿತು. ಆದರೆ ಒಂದು ಪುಸ್ತಕದಿಂದ ಕೆಲಸ ಮುಗಿಯುವಂತಿರಲಿಲ್ಲ. ಮನೆಯ ತುಂಬ ಇನ್ನೂ ಕಟ್ಟುಗಳಿದ್ದವು. ಪ್ರತಿ ಬಾರಿಯೂ ಪರರ ಮುದ್ರಣಾಲಯದ ಮುಂದೆ ನಿಲ್ಲುವುದಾದರೆ ಒಂದು ಜನ್ಮ ಸಾಲದು.

1925ರಲ್ಲಿ ಅವರು ಬಿಜಾಪುರದಲ್ಲಿದ್ದ ಸ್ವಂತ ಮನೆಯನ್ನು ಮಾರಿದರು. ಆ ಹಣದಿಂದ ಹಿತಚಿಂತಕ ಎಂಬ ಮುದ್ರಣಾಲಯ ಹಾಕಿದರು. ಸಂಸಾರ ಬಾಡಿಗೆ ಮನೆಗೆ ಬಂತು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಅಂದಿನ ಮುದ್ರಣವೆಂದರೆ ಸೀಸದ ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುವ ಕೆಲಸ. ಒತ್ತಕ್ಷರ, ಗುಣಿತಗಳೆಲ್ಲ ಬೇರೆ ಬೇರೆ ಮೊಳೆಗಳಾದ್ದರಿಂದ ಕನ್ನಡಕ್ಕೆ ಶ್ರಮ ಹೆಚ್ಚು. ಕಾಗದ, ಮಸಿ, ಜೋಡಿಸುವವರ ಕೂಲಿ ತಪ್ಪದೆ ಕೊಡಬೇಕು. ಚಂದಾದಾರರ ಹಣ ಮಾತ್ರ ತಪ್ಪುತ್ತಲೇ ಇತ್ತು. ವ್ಯಾಪಾರ ಬಲ್ಲ ನಮ್ಮ ಓದುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಖರ್ಚು ನಗದು, ಬರುವುದು ಉದ್ರಿ.

ನಿಜವಾದ ಪರೀಕ್ಷೆ ಬಂದದ್ದು ಈ ವರ್ಷಗಳಲ್ಲಿ. ಕೈಯಲ್ಲಿ ಕಾನೂನು ಪದವಿ ಇತ್ತು. ಹೆಸರಿತ್ತು, ಸರ್ಕಾರ ಕೊಟ್ಟ ರಾವ್‌ಬಹದ್ದೂರ್ ಬಿರುದಿತ್ತು. ಯಾವ ಮುಂಜಾನೆ ಬೇಕಾದರೂ ಕರಿಕೋಟು ತೊಟ್ಟು ಪೂರ್ಣ ಹೊತ್ತು ಕೋರ್ಟಿಗೆ ಮರಳಿದ್ದರೆ ಬಡತನ ದೂರವಾಗುತ್ತಿತ್ತು. ಹೆಚ್ಚು ಆದಾಯದ ಕೆಲಸ ಅವರಿಗೆ ದೂರದಲ್ಲಿರಲಿಲ್ಲ, ಅದೇ ಊರಿನಲ್ಲಿ ಕೂಗಳತೆಯಲ್ಲಿತ್ತು. ಅವರು ಅತ್ತ ಮರಳಲಿಲ್ಲ. ವಕೀಲಿ ಹಿಂದೆ ಸರಿಯಿತು, ವಚನ ಮುಂದೆ ನಿಂತಿತು. ಬಡತನದಲ್ಲಿಯೇ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಹರಿಹರನ ರಗಳೆಗಳನ್ನೂ ಇತರ ಶರಣಸಾಹಿತ್ಯವನ್ನೂ ಬೆಳಕಿಗೆ ತಂದರು. ಹಳೆಯ ಉಡುಪು ತೊಟ್ಟು, ಸೈಕಲ್ಲಿನ ಮೇಲೆ ಬಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದ ವೃದ್ಧರನ್ನು ಆ ಊರಿನ ಹಿರಿಯರು ಬಹಳ ಕಾಲ ನೆನೆಯುತ್ತಿದ್ದರು.

ನಾಡು ಅವರನ್ನು ಗೌರವಿಸದೆ ಬಿಡಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬಿಜಾಪುರದಲ್ಲಿ ನೋಡತಕ್ಕ ಗುಮ್ಮಟಗಳು ಎರಡು, ಒಂದು ಗೋಲಗುಮ್ಮಟ, ಇನ್ನೊಂದು ವಚನ ಗುಮ್ಮಟವಾದ ಹಳಕಟ್ಟಿಯವರು ಎಂಬ ಭಾವದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅವರನ್ನು ಕೊಂಡಾಡಿದ್ದುಂಟು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಆದರೆ ಸನ್ಮಾನದ ಹಾರದಿಂದ ಒಲೆ ಉರಿಯುವುದಿಲ್ಲ. 1964ರ ಜೂನ್ 29ರಂದು ಬಿಜಾಪುರದಲ್ಲಿ ಅವರು ಲಿಂಗೈಕ್ಯರಾದಾಗ ಹಿಂದೆ ಉಳಿದದ್ದು ಆಸ್ತಿಯಲ್ಲ, ಅಚ್ಚಾದ ವಚನಗಳ ರಾಶಿ.

ಇಂದು ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಿದೆ. ಅವರು ಹುಟ್ಟಿದ ಜುಲೈ 2 ವಚನ ಸಾಹಿತ್ಯ ಸಂರಕ್ಷಣಾ ದಿನವಾಗಿದೆ. ಅವರು ಕಟ್ಟಿದ ಸಂಘ ದೊಡ್ಡ ವಿದ್ಯಾಸಂಸ್ಥೆಯಾಗಿ ಬೆಳೆದಿದೆ. 2014ರಿಂದ ವಿಜಯಪುರವೆಂದು ಹೆಸರಾದ ಆ ಊರಿನಲ್ಲಿ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜೂ ಇದೆ. ಎಡನೀರಿನ ಒಬ್ಬ ಬಾಲಕ ಶಾಲೆಯ ಕನ್ನಡ ಪುಸ್ತಕದಲ್ಲಿ ಅಕ್ಕಮಹಾದೇವಿಯ ವಚನ ಓದಿದರೆ, ಆ ಪುಟದ ಹಿಂದೆ ಮಾರಿಹೋದ ಒಂದು ಮನೆಯಿದೆ.

ಇನ್ನು ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಹಳಕಟ್ಟಿಯವರಂತೆ ಎಲ್ಲರೂ ಮನೆ ಮಾರಬೇಕೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಅವರಿಗೂ ನಿಮಗೂ ಅನ್ಯಾಯ. ಅವರ ಬದುಕಿನಿಂದ ತಿಳಿಯುವ ಮೂರು ಸಂಗತಿಗಳನ್ನಷ್ಟೇ ಮುಂದಿಡುತ್ತೇವೆ.

ಮೊದಲನೆಯದು, ಅವರು ಒಂದೇ ಸಲ ಹಾರಲಿಲ್ಲ. 1904ರಿಂದ ಸುಮಾರು 20 ವರ್ಷ ವಕೀಲಿಯ ದುಡಿಮೆಯೇ ವಚನದ ಕೆಲಸವನ್ನು ಸಾಕಿತು. ಸಂಬಳದ ಕೆಲಸ ಹೀನವೆಂದು ಅವರು ಎಣಿಸಲಿಲ್ಲ. ಎರಡನೆಯದು, ಪಣಕ್ಕೆ ಒಡ್ಡಿದ್ದು ತಮ್ಮ ಸ್ವಂತ ಮನೆಯನ್ನು. ಪರರಿಗೆ ಕೊಡಬೇಕಾದ ಸಾಲವನ್ನು ಹಾಗೇ ಬಿಟ್ಟು ಆದರ್ಶ ಹಿಡಿಯುವುದು ಬೇರೆ ಮಾತು. ಸಾಲಗಾರನ ಕಣ್ಣೆದುರು ನಿಂತಿರುವ ಗೃಹಸ್ಥನಿಗೆ ಆ ಸಾಲ ತೀರಿಸುವುದೇ ಮೊದಲ ಕಾಯಕ. ಅದಕ್ಕಾಗಿ ಹೆಚ್ಚು ಸಂಬಳದ ಸತ್ಯಶುದ್ಧ ಕೆಲಸ ಹಿಡಿದು ಊರು ಬಿಟ್ಟರೆ ಅವಮಾನವೇನೂ ಇಲ್ಲ. ಮೂರನೆಯದು, ತಾನು ಬಿಟ್ಟರೆ ಯಾವ ಕೆಲಸ ನಿಂತುಹೋಗುತ್ತದೆ ಎಂದು ಅವರ ಬದುಕು ಕೇಳಿತು. ಬಿಜಾಪುರದ ಕೋರ್ಟಿಗೆ ಬೇರೆ ವಕೀಲರಿದ್ದರು. ಗೆದ್ದಲು ಹಿಡಿದ ತಾಡೋಲೆಗೆ ಬೇರೆ ಯಾರೂ ಇರಲಿಲ್ಲ.

ಒಂದು ಮಾತನ್ನು ಮುಚ್ಚಿಡಬಾರದು. ಆ ನಿರ್ಧಾರದ ಭಾರ ಹೊತ್ತವರು ಅವರೊಬ್ಬರೇ ಅಲ್ಲ. ಪತ್ನಿ ಭಾಗೀರಥಿಬಾಯಿಯವರೂ ಮಕ್ಕಳೂ ಬಾಡಿಗೆ ಮನೆಯಲ್ಲಿ ಅದೇ ಕಷ್ಟ ಉಂಡರು. ನಾವು ಹಳಕಟ್ಟಿಯವರ ಹೆಸರಿಗೆ ಕೈ ಮುಗಿಯುವಾಗ ಆ ತಾಯಿಗೂ ಕೈ ಮುಗಿಯಬೇಕು. ಇಂತಹ ನಿರ್ಧಾರ ತೆಗೆದುಕೊಳ್ಳುವ ಮುನ್ನ ಮನೆಯವರನ್ನು ಕೂಡಿಸಿ ಕೇಳಬೇಕು ಎಂಬುದನ್ನೂ ಮರೆಯಬಾರದು.

ಆದ್ದರಿಂದ ಭಕ್ತಬಾಂಧವರೇ, ಕರೆ ಬಂದಾಗ ಸಂಬಳವೆಷ್ಟು ಎಂದು ಕೇಳುವುದರ ಜೊತೆಗೆ ಇನ್ನೆರಡನ್ನು ಕೇಳಿಕೊಳ್ಳಿ. ನಾನು ಯಾರಿಗೆ ಎಷ್ಟು ಕೊಡಬೇಕು? ನಾನು ಹೋದರೆ ಇಲ್ಲಿ ಏನು ನಿಲ್ಲುತ್ತದೆ? ಈ ಎರಡಕ್ಕೂ ಪ್ರಾಮಾಣಿಕವಾಗಿ ಉತ್ತರಿಸಿಕೊಂಡವರು ಹೋದರೂ ಸರಿ, ಉಳಿದರೂ ಸರಿ, ಅವರ ಕಾಯಕಕ್ಕೆ ಕುಂದಿಲ್ಲ.