ಗೋಡೆ ಬದಿಯ ಮೇಜಿನಿಂದ ವೇದಿಕೆಗೆ: ನಟಿ ಹ್ಯಾಟಿ ಮೆಕ್‌ಡೇನಿಯಲ್

1940ರ ಫೆಬ್ರವರಿ 29. ಅಮೆರಿಕದ ಲಾಸ್ ಏಂಜಲೀಸ್ ನಗರದ ಅಂಬಾಸಡರ್ ಹೋಟೆಲಿನಲ್ಲಿ ಆಸ್ಕರ್ ಪ್ರಶಸ್ತಿ ಸಮಾರಂಭ ನಡೆಯುತ್ತಿತ್ತು. 'ಗಾನ್ ವಿತ್ ದ ವಿಂಡ್' ಚಿತ್ರದ ತಾರೆಯರು ಒಂದು ಕಡೆ ಕುಳಿತಿದ್ದರು. ಅದೇ ಚಿತ್ರದ ಒಬ್ಬ ನಟಿಗೆ ಮಾತ್ರ ದೂರದಲ್ಲಿ, ಗೋಡೆಯ ಬದಿಯಲ್ಲಿ ಒಂದು ಸಣ್ಣ ಮೇಜು. ಕಪ್ಪು ಜನರನ್ನು ಒಳಗೆ ಬಿಡದ ಹೋಟೆಲ್ ಅದು. ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ವಿಶೇಷವಾಗಿ ಕೇಳಿಕೊಂಡದ್ದರಿಂದ ಅಷ್ಟಾದರೂ ಸಾಧ್ಯವಾಗಿತ್ತು. ಆ ರಾತ್ರಿ ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿಗೆ ಕೂಗಿದ್ದು ಆ ಸಣ್ಣ ಮೇಜಿನಲ್ಲಿದ್ದವರ ಹೆಸರನ್ನೇ. ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಆದರು.

ಹ್ಯಾಟಿ ಹುಟ್ಟಿದ್ದು 1893ರ ಜೂನ್ 10ರಂದು, ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ. ಹದಿಮೂರು ಮಕ್ಕಳಲ್ಲಿ ಕೊನೆಯವರು. ತಂದೆ ತಾಯಿ ಇಬ್ಬರೂ ಗುಲಾಮರಾಗಿ ಹುಟ್ಟಿದವರು. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಮೆರಿಕದ ಅಂತರ್ಯುದ್ಧದಲ್ಲಿ ತಂದೆ ಸೈನಿಕರಾಗಿ ಹೋರಾಡಿದ್ದರು. ಕುಟುಂಬ ಡೆನ್ವರ್ ನಗರಕ್ಕೆ ಬಂದ ಮೇಲೆ ಹ್ಯಾಟಿ ಅಲ್ಲಿನ ಹೈಸ್ಕೂಲಿಗೆ ಸೇರಿದರು. ಕುಡಿತದ ವಿರುದ್ಧ ಕೆಲಸ ಮಾಡುತ್ತಿದ್ದ ಮಹಿಳಾ ಸಂಘವೊಂದು 1910ರಲ್ಲಿ ಏರ್ಪಡಿಸಿದ್ದ ಕಾವ್ಯವಾಚನ ಸ್ಪರ್ಧೆಯಲ್ಲಿ ಚಿನ್ನದ ಪದಕ ಗೆದ್ದರು. ಓದು ಅಲ್ಲಿಗೇ ನಿಂತಿತು. ಅಣ್ಣಂದಿರ ಜೊತೆ ಊರೂರು ತಿರುಗುವ ನಾಟಕ ತಂಡ ಅವರ ಶಾಲೆಯಾಯಿತು. 1920ರ ದಶಕದಲ್ಲಿ ಡೆನ್ವರ್ ರೇಡಿಯೋದಲ್ಲಿ ಹಾಡಿದರು. ಅಮೆರಿಕದ ರೇಡಿಯೋದಲ್ಲಿ ಹಾಡಿದ ಮೊದಮೊದಲ ಕಪ್ಪು ಮಹಿಳೆಯರಲ್ಲಿ ಅವರೂ ಒಬ್ಬರು.

1929ರಲ್ಲಿ ಷೇರುಪೇಟೆ ಕುಸಿಯಿತು, ರಂಗಭೂಮಿಯ ಕೆಲಸವೂ ಹೋಯಿತು. ಆಗ ಹ್ಯಾಟಿಗೆ ಸಿಕ್ಕಿದ್ದು ಮಿಲ್ವಾಕೀ ನಗರದ ಒಂದು ಕ್ಲಬ್ಬಿನಲ್ಲಿ ಹೆಂಗಸರ ಶೌಚಾಲಯ ನೋಡಿಕೊಳ್ಳುವ ಕೆಲಸ. ಒಂದು ರಾತ್ರಿ ಹಾಡಲು ಅವಕಾಶ ಸಿಕ್ಕಿತು. ಆಮೇಲೆ ಅದೇ ಕ್ಲಬ್ಬಿನ ಗಾಯಕಿಯಾದರು. 1931ರಲ್ಲಿ ಹಾಲಿವುಡ್ಡಿಗೆ ಬಂದಾಗಲೂ ಹೊಟ್ಟೆಪಾಡಿಗೆ ಮನೆಗೆಲಸವನ್ನೇ ಹಿಡಿಯಬೇಕಾಯಿತು. ಸಿನಿಮಾದಲ್ಲಿ ಸಿಕ್ಕ ಪಾತ್ರಗಳೂ ಹೆಚ್ಚಾಗಿ ಮನೆಗೆಲಸದವಳದೇ. ಎಷ್ಟೋ ಚಿತ್ರಗಳ ತೆರೆಯ ಮೇಲೆ ಅವರ ಹೆಸರು ಕೂಡ ಬರಲಿಲ್ಲ. ಆದರೂ 1935ರ 'ಆಲಿಸ್ ಆಡಮ್ಸ್' ನೋಡಿದರೆ ಗೊತ್ತಾಗುತ್ತದೆ. ದೊಡ್ಡಸ್ತಿಕೆ ತೋರಿಸಲು ಹೊರಟ ಮನೆಯವರ ಔತಣದಲ್ಲಿ ಊಟ ಬಡಿಸುವ ಸಣ್ಣ ಪಾತ್ರ ಅವರದು. ಇಡೀ ದೃಶ್ಯವನ್ನು ಕೇವಲ ಮುಖಭಾವದಿಂದಲೇ ತಮ್ಮದಾಗಿಸಿಕೊಳ್ಳುತ್ತಾರೆ.

1939ರಲ್ಲಿ ಬಂದ 'ಗಾನ್ ವಿತ್ ದ ವಿಂಡ್' ಚಿತ್ರದ ನಾಯಕಿ, ನಮ್ಮ ಡಾರ್ಜಿಲಿಂಗಿನಲ್ಲಿ ಹುಟ್ಟಿದ ವಿವಿಯನ್ ಲೀ. ಅವಳನ್ನು ಎತ್ತಿ ಆಡಿಸಿದ, ಅವಳ ತಪ್ಪನ್ನು ಮುಖಕ್ಕೆ ಹೇಳುವ ಮ್ಯಾಮಿಯ ಪಾತ್ರ ಹ್ಯಾಟಿಯದು. ಚಿತ್ರದ ಮೊದಲ ಪ್ರದರ್ಶನ ಅಟ್ಲಾಂಟಾ ನಗರದಲ್ಲಿ ನಡೆಯಿತು. ಅಲ್ಲಿನ ಕಾನೂನು ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆ ಬೇರೆ ಇಟ್ಟಿತ್ತು. ಹಾಗಾಗಿ ತಾವೇ ನಟಿಸಿದ ಚಿತ್ರದ ಆ ಪ್ರದರ್ಶನಕ್ಕೆ ಹ್ಯಾಟಿ ಹೋಗುವಂತಿರಲಿಲ್ಲ.

ಪ್ರಶಸ್ತಿ ಬಂದ ಮೇಲೆ ಟೀಕೆ ಹೆಚ್ಚಿತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಸಂಘಟನೆಯ ನಾಯಕ ವಾಲ್ಟರ್ ವೈಟ್ ಇಂಥ ಪಾತ್ರಗಳನ್ನು ಬಲವಾಗಿ ವಿರೋಧಿಸಿದರು. ಸೇವಕರ ಪಾತ್ರಗಳು ಇಡೀ ಜನಾಂಗವನ್ನು ಕೀಳಾಗಿ ತೋರಿಸುತ್ತವೆ ಎಂಬುದು ಅವರ ವಾದ. ನಿಜವಾಗಿ ಮನೆಗೆಲಸ ಮಾಡಿ ಪುಡಿಗಾಸು ಪಡೆಯುವುದಕ್ಕಿಂತ ಆ ಪಾತ್ರ ಮಾಡಿ ಸಂಪಾದಿಸುವುದು ಮೇಲು ಎಂಬುದು ಹ್ಯಾಟಿಯ ಉತ್ತರವಾಗಿತ್ತು. ವೈಟ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಚಿತ್ರ ಗುಲಾಮಗಿರಿಯನ್ನು ಸುಂದರವಾಗಿ ತೋರಿಸಿದ್ದು ನಿಜ. ಆದರೆ ಹ್ಯಾಟಿಯ ಮುಂದೆ ಬೇರೆ ಯಾವ ಪಾತ್ರ ಇತ್ತು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.

ತೆರೆಯ ಹೊರಗೆ ಅವರು ಸುಮ್ಮನಿರಲಿಲ್ಲ. ಲಾಸ್ ಏಂಜಲೀಸಿನ 'ಶುಗರ್ ಹಿಲ್' ಬಡಾವಣೆಯಲ್ಲಿ ಅವರು ಮನೆ ಕೊಂಡಿದ್ದರು. ಅಲ್ಲಿನ ಆಸ್ತಿಯನ್ನು ಕಪ್ಪು ಜನರಿಗೆ ಮಾರಬಾರದೆಂಬ ಷರತ್ತು ಹಳೆಯ ಪತ್ರಗಳಲ್ಲಿತ್ತು. ಅದನ್ನು ಹಿಡಿದುಕೊಂಡು ಕೆಲವು ಬಿಳಿಯ ನೆರೆಯವರು, ಇವರನ್ನೆಲ್ಲ ಹೊರಹಾಕಬೇಕೆಂದು ನ್ಯಾಯಾಲಯಕ್ಕೆ ಹೋದರು. ಹ್ಯಾಟಿ ನೆರೆಹೊರೆಯವರನ್ನು ಒಟ್ಟುಗೂಡಿಸಿ ಎದುರು ನಿಂತರು. 1945ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್, ಸಂವಿಧಾನದ 14ನೇ ತಿದ್ದುಪಡಿ ಎಲ್ಲರಿಗೂ ಸಮಾನ ರಕ್ಷಣೆ ಕೊಟ್ಟಿದೆ ಎಂದು ಮೊಕದ್ದಮೆಯನ್ನು ತಳ್ಳಿಹಾಕಿದರು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡಬಾರದೆಂದು ದೇಶದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಪಠ್ಯಪುಸ್ತಕದಲ್ಲಿ ಸಮಾನತೆಯ ಹಕ್ಕಿನ ಬಗ್ಗೆ ಓದುವ ನಮಗೆ, ಒಬ್ಬ ಸಿನಿಮಾ ನಟಿ ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ಗೊತ್ತಿರುವುದಿಲ್ಲ.

1947ರಲ್ಲಿ 'ಬ್ಯೂಲಾ' ಎಂಬ ರೇಡಿಯೋ ಧಾರಾವಾಹಿಯ ಮುಖ್ಯ ಪಾತ್ರ ಅವರಿಗೆ ಬಂತು. ಮತ್ತೆ ಮನೆಗೆಲಸದವಳೇ. ಆದರೆ ಈ ಸಲ ಧಾರಾವಾಹಿಗೇ ಅವಳ ಹೆಸರು, ಮತ್ತು ನಗಿಸುವುದಕ್ಕಾಗಿ ಭಾಷೆಯನ್ನು ತಿರುಚಿ ಮಾತಾಡುವುದಿಲ್ಲ ಎಂಬ ಷರತ್ತು ಹ್ಯಾಟಿಯದು. ಇದೇ ಕಥೆ ದೂರದರ್ಶನಕ್ಕೆ ಬಂದಾಗ ಮೊದಲು ಎಥೆಲ್ ವಾಟರ್ಸ್ ನಟಿಸಿದರು. 1951ರಲ್ಲಿ ಪಾತ್ರ ಹ್ಯಾಟಿಗೆ ಬಂತು. ಕೆಲವೇ ಕಂತುಗಳ ಚಿತ್ರೀಕರಣ ಮುಗಿಯುವಷ್ಟರಲ್ಲಿ ಕಾಯಿಲೆ ಬಿದ್ದರು. ಪಾತ್ರವನ್ನು ಲೂಯಿಸ್ ಬೀವರ್ಸ್ ಮುಂದುವರಿಸಿದರು. ಈ ಮೂವರೂ ಅದೇ ಶುಗರ್ ಹಿಲ್ಲಿನ ನಿವಾಸಿಗಳು.

1952ರ ಅಕ್ಟೋಬರ್ 26ರಂದು ಸ್ತನ ಕ್ಯಾನ್ಸರಿನಿಂದ ಹ್ಯಾಟಿ ತೀರಿಕೊಂಡರು. ವಯಸ್ಸು 59. ಚಿತ್ರರಂಗದವರ ನಡುವೆ, ಹಾಲಿವುಡ್ ಸ್ಮಶಾನದಲ್ಲಿ ತಮ್ಮನ್ನು ಮಣ್ಣು ಮಾಡಬೇಕೆಂಬುದು ಅವರ ಆಸೆಯಾಗಿತ್ತು. ಅಲ್ಲಿ ಬಿಳಿಯರಿಗೆ ಮಾತ್ರ ಜಾಗ. ರೋಸ್‌ಡೇಲ್ ಸ್ಮಶಾನದಲ್ಲಿ ಅಂತ್ಯಸಂಸ್ಕಾರ ನಡೆಯಿತು. ಹಾಲಿವುಡ್ ಸ್ಮಶಾನದಲ್ಲಿ ಅವರ ಹೆಸರಿನ ಸ್ಮಾರಕ ನಿಂತದ್ದು 1999ರಲ್ಲಿ.

ಆಸ್ಕರ್ ಎಂದರೆ ನಮಗೆ ಚಿನ್ನದ ಬಣ್ಣದ ಮೂರ್ತಿ ನೆನಪಾಗುತ್ತದೆ. ಆ ಕಾಲದಲ್ಲಿ ಪೋಷಕ ಪಾತ್ರದವರಿಗೆ ಕೊಡುತ್ತಿದ್ದುದು ಒಂದು ಫಲಕ. ಹೈಸ್ಕೂಲನ್ನೂ ಮುಗಿಸದ ಹ್ಯಾಟಿ ಅದನ್ನು ಉಯಿಲಿನಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದಿಟ್ಟರು. ಅಲ್ಲಿನ ವಿದ್ಯಾರ್ಥಿಗಳು ಅದನ್ನು ಕೆಲವು ವರ್ಷ ನೋಡಿದರು. ಆಮೇಲೆ ಫಲಕ ಕಾಣೆಯಾಯಿತು, ಮತ್ತೆ ಸಿಗಲೇ ಇಲ್ಲ. 2023ರ ಅಕ್ಟೋಬರಿನಲ್ಲಿ ಆಸ್ಕರ್ ಅಕಾಡೆಮಿಯವರು ಹೊಸ ಫಲಕವೊಂದನ್ನು ಮಾಡಿಸಿ ಅದೇ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.